ಉಪವಾಸದ ಮೀನು, ನನ್ನ ಮೊಸರನ್ನ

೧೯೯೧ರಲ್ಲಿ ಏಳನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ಅಂದಿನಿಂದ ಬಾವಿ ಶುಚಿ ಮಾಡುವುದೇ ಕಸುಬು. ಭದ್ರಾವತಿಯಿಂದ ಶಿವಮೊಗ್ಗದವರೆಗೆ ನಾನು ಹೆದರಿ ಹಿಂದೆ ಸರಿದ ಬಾವಿ ಒಂದೂ ಇಲ್ಲ. ಮೇಲೆ ಹಗ್ಗ ಹಿಡಿಯುವವಳು ನನ್ನ ಹೆಂಡತಿ, ಹೆದರಿಕೆ ಯಾಕೆ?

ಹೋದ ಬೇಸಿಗೆಯಲ್ಲಿ ಶಿವಮೊಗ್ಗದ ವಿನೋಬನಗರದ ನಿವೃತ್ತ ವಿಜ್ಞಾನ ಟೀಚರೊಬ್ಬರ ಬಾವಿಗೆ ಇಳಿದೆ. ವರ್ಷಗಟ್ಟಲೆ ಚಪ್ಪಡಿ ಮುಚ್ಚಿಟ್ಟ ಬಾವಿ. ತಳದಲ್ಲಿ ಕಲ್ಲಿನ ಸಂದೊಂದು ಒಳಕ್ಕೆ ಸಾಗಿ ಗವಿಯಂತಾಗಿತ್ತು. ಅಲ್ಲೊಂದು ಬಿಳಿಚಿದ ಹಾವುಮೀನು, ಬೆರಳಿನಷ್ಟೇ ದಪ್ಪ, ಕಣ್ಣಿನ ಜಾಗದಲ್ಲಿ ಎರಡು ಚುಕ್ಕೆ. ಕೆಸರು ತೆಗೆಯುವವರೆಗೆ ಇರಲೆಂದು ಬಕೆಟ್ಟಿನಲ್ಲಿ ಹಾಕಿ ಮೇಲೆ ಕಳಿಸಿದೆ.

"ಅದಕ್ಕೆ ಏನೂ ಹಾಕ್ಬೇಡ," ಎಂದರು ಟೀಚರ್. "ತಿಂಗಳುಗಟ್ಟಲೆ ತಿನ್ನದೆ ಇರುತ್ತೆ ಅದು."

ನಾನು ಒಪ್ಪಲಿಲ್ಲ. ಹಸಿವಿನ ವಿಷಯ ಪುಸ್ತಕಕ್ಕಿಂತ ನನಗೆ ಚೆನ್ನಾಗಿ ಗೊತ್ತು. ಬಾವಿ ಶುಚಿಯಾದ ಮೇಲೆ ಗಂಗಮ್ಮನಿಗೆಂದು ಮೊಸರನ್ನದ ಉಂಡೆಯೊಂದನ್ನು ನೀರಿಗೆ ಬಿಡುವುದು ನಮ್ಮ ಪದ್ಧತಿ. ಅಂದು ಆ ಉಂಡೆಯನ್ನು ಸದ್ದಿಲ್ಲದೆ ಬಕೆಟ್ಟಿಗೇ ಬಿಟ್ಟೆ.

ಊಟ ಮುಗಿಸಿ ಬಂದು ನೋಡಿದರೆ ನೀರು ಮಜ್ಜಿಗೆಯಾಗಿತ್ತು. ಮೀನು ಮಗ್ಗುಲಾಗಿ ತೇಲುತ್ತಿತ್ತು. ಗವಿಯಲ್ಲಿ ಇಷ್ಟು ವರ್ಷ ಬದುಕಿದ್ದನ್ನು ಅರ್ಧ ಗಂಟೆಯಲ್ಲಿ ಕೊಂದೆನೇ?

"ಏನ್ ಮಾರಾಯ, ಮದುವೆ ಊಟ ಹಾಕ್ಸಿದ್ಯಾ?" ಎಂದು ಟೀಚರ್ ಗದರಿದರು.

ತಕ್ಷಣ ಬಾವಿಗಿಳಿದು ಒರತೆಯ ನೀರು ತುಂಬಿ ಕಳಿಸಿದೆ. ಹೆಂಡತಿ ಎಳೆದಳು, ಟೀಚರ್ ಮೀನಿನ ನೀರು ಬದಲಾಯಿಸಿದರು. ನಾಲ್ಕನೇ ಬಕೆಟ್ಟಿಗೆ ಮೇಲಿಂದ ಹೆಂಡತಿಯ ಕೂಗು ಬಂತು: "ಅಲ್ಲಾಡ್ತು ಕಣ್ರೀ!"

ಹತ್ತಿ ಬಂದವನಿಗೆ ಟೀಚರ್ ಬಿಡಿಸಿ ಹೇಳಿದರು. "ಗವಿಯೊಳಗೆ ತಿನ್ನೋಕೆ ಸಿಗೋದೇ ಅಪರೂಪ. ಮಳೆನೀರಿನ ಜೊತೆ ಹುಳ ಬಂದಾಗ ತಿಂದು ಕೊಬ್ಬು ಇಟ್ಕೊಳ್ಳುತ್ತೆ. ಆಮೇಲೆ ಓಡಾಟ ಇಲ್ಲ, ಉಸಿರಾಟವೂ ನಿಧಾನ."

ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಯಲ್ಲಿ ಅವ್ವ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನವರೆಗೆ ಬೆಂಕಿ ಉಳಿಸುತ್ತಿದ್ದಳು. ಇದೂ ಅದೇ ತಾನೇ! ತಟ್ಟನೆ ತಿಳಿಯಿತು.

"ಇವ್ರಿಗೂ ಸ್ವಲ್ಪ ಕಲ್ಸಿ ಟೀಚರ್," ಎಂದಳು ಹೆಂಡತಿ. "ಊಟ ಹತ್ತು ನಿಮಿಷ ತಡ ಆದ್ರೆ ಬಾವಿಯಿಂದಾನೇ ಕೂಗ್ತಾರೆ."

ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಸಂಜೆ ಮೀನನ್ನು ಅದರ ಸಂದಿನ ಬಳಿ ಬಿಟ್ಟೆ. ಈ ಬೇಸಿಗೆಯಲ್ಲಿ ಇಳಿದಾಗಲೂ ಅಲ್ಲೇ ಇತ್ತು. ಗಂಗಮ್ಮನ ಉಂಡೆಯನ್ನು ಕಟ್ಟೆಯ ಮೇಲಿಟ್ಟು ಬಂದೆ.

ಈಗ ನನಗಿರುವುದು ಎರಡು ಹಗ್ಗ, ಒಂದು ರಾಟೆ, ಒಂದು ಪಂಪು, ಹಗ್ಗ ಹಿಡಿಯುವ ಹೆಂಡತಿ ಒಬ್ಬಳು, ವಿನೋಬನಗರದ ಬಾವಿಯಲ್ಲಿ ಮೀನು ಒಂದು.