ಮೊದಲು ಕೈ

ಶ್ರೀಕಾರ್ಯಂನಲ್ಲಿ ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಕಾಸರಗೋಡಿನವಳು. ನಮ್ಮ ಮೊಬೈಲುಗಳಲ್ಲಿ ಇನ್ನೂ ಕ್ಯಾಮೆರಾ ಇರಲಿಲ್ಲ; ಇದ್ದಿದ್ದರೂ ಅವಳು ಮುಟ್ಟುತ್ತಿರಲಿಲ್ಲ. ಕ್ಲಾಸಿಗೆ ತಡವಾದರೂ ಸರಿ, ದಿನಾ ಬೆಳಿಗ್ಗೆ ಬೀದಿಯಲ್ಲಿ ಯಾರದಾದರೂ ಚಿತ್ರ ಬರೆದೇ ತೀರುತ್ತಿದ್ದಳು. ಚಹಾ ಎತ್ತಿ ಸುರಿಯುವವನು, ಇಸ್ತ್ರಿ ಮಾಡುವವಳು, ಎಲ್ಲರನ್ನೂ ಅವರು ಕೆಲಸದಲ್ಲಿರುವಾಗಲೇ ಬರೆಯಬೇಕು. "ಕೈ ಸರಿಯಾಗದೆ ನಾನು ಮುಖ ಮುಟ್ಟುವುದಿಲ್ಲ ಮಾರಾಯ್ತಿ," ಎನ್ನುತ್ತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸುತ್ತಿದ್ದಳು.

ಮೀನು ಮಾರುವಾಕೆಯನ್ನು ನಾವೂ ಮಲಯಾಳಿಗಳಂತೆ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು; ಅವರ ಚಿತ್ರಕ್ಕೆ ಮೂರು ವಾರ ಹಿಡಿಯಿತು. ಕತ್ತಿ, ಬುಟ್ಟಿ, ಬೆರಳಿಗಂಟಿದ ಮೀನಿನ ಹುರುಪೆ, ಎಲ್ಲವೂ ಬಂದಿತ್ತು. ಚೇಚಿ ಅದನ್ನು ಬಹಳ ಹೊತ್ತು ನೋಡಿದರು.

"ಮೀನು ಚೆನ್ನಾಗಿದೆ ಮೋಳೇ. ನಾನೆಲ್ಲಿ?"

ಇವಳ ಕಿವಿ ಕೆಂಪಾಯಿತು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಭಾನುವಾರ ನಿಮ್ಮ ಮನೆಗೆ ಬರುತ್ತೇನೆ," ಎಂದಳು.

ಭಾನುವಾರ ನಾನೂ ಜೊತೆಗೆ ಹೋದೆ. ಚೇಚಿ ಜರಿಯಂಚಿನ ಬಿಳಿ ಸೀರೆಯುಟ್ಟು ಜಗಲಿಯಲ್ಲಿ ಕುಳಿತಿದ್ದರು.

"ಇವತ್ತು ಕೆಲಸ ಏನೂ ಮಾಡೋದಿಲ್ಲ," ಎಂದು ಮೊದಲೇ ಹೇಳಿಬಿಟ್ಟರು.

"ಬೇಡ ಚೇಚಿ. ನನ್ನ ಕಡೆ ನೋಡಿದರೆ ಸಾಕು."

ಹೊತ್ತು ಮುಳುಗುವವರೆಗೂ ಅಳಿಸಿ ಅಳಿಸಿ ಬರೆದಳು. ಆ ಚಿತ್ರದಲ್ಲಿ ಅವಳು ಕೈ ಬರೆಯಲೇ ಇಲ್ಲ.