ಲೇಹ್ಯ ಎಸೆದ ಟರ್ನರ್

ಆ ಭಾನುವಾರದ ಜಗಳದ ಮಾತುಗಳನ್ನು ನಾನೇ ಕೇಳಿದೆನೋ, ಅಮ್ಮ ಹೇಳಿದ್ದೋ, ಈಗ ಖಚಿತವಿಲ್ಲ. ೧೯೮೦ರ ಆಸುಪಾಸು, ಪೀಣ್ಯದ ವಠಾರ. ಪಕ್ಕದ ಮನೆಯವರು ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುವ ಟರ್ನರ್. ಬೆನ್ನ ಹಿಂದೆ ಯಾರು ನಿಂತರೂ ಥಟ್ಟನೆ ತಿರುಗಿ, "ಮುಂದೆ ಬನ್ನಿ ಸಾರ್" ಅನ್ನುತ್ತಿದ್ದರು; ಕಾಲೇಜು ಹುಡುಗನಾಗಿದ್ದ ನನಗೂ.

ಮದುವೆಯಾಗಿ ಎರಡು ವರ್ಷವಾದರೂ ಅವರಿಗೆ ಹೆಂಡತಿಯೊಡನೆ ಕೂಡಲು ಆಗಿರಲಿಲ್ಲ. ವಠಾರಕ್ಕೆಲ್ಲ ಅದು ಗೊತ್ತಿತ್ತು. ಒಂದು ಭಾನುವಾರ ಆಕೆಯ ಅಣ್ಣ ತಂಗಿಯನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲೇ ಡಬ್ಬಿಯೊಂದನ್ನು ಕುಕ್ಕಿದ.

"ತಿಂಗಳಿಗೊಂದ್ಸಲ ಲಾಡ್ಜಿಗೆ ಬರೋ ಗುಪ್ತರೋಗದ ಡಾಕ್ಟ್ರು ಕೊಟ್ಟ ಲೇಹ್ಯ, ಭಾವ. ಇದ್ರಿಂದಾನೂ ಆಗ್ಲಿಲ್ಲಾಂದ್ರೆ ಸೀರೆ ಉಟ್ಕೊಂಬಿಡಿ."

ಟರ್ನರ್ ಡಬ್ಬಿಯನ್ನು ಬೀದಿಗೆ ಎಸೆದರು. "ಒಂಬತ್ತು ವರ್ಷದವನಿದ್ದಾಗ ನಮ್ ಚಿಕ್ಕಪ್ಪ ನಂಗೆ ಮಾಡಬಾರದ್ದು ಮಾಡ್ದ. ಯಾರು ಮುಟ್ಟಿದ್ರೂ ಮೈ ಈಗ್ಲೂ ಮರಗಟ್ಟುತ್ತೆ. ನಾಚ್ಕೋಬೇಕಾದೋನು ಅವ್ನು, ನಾನಲ್ಲ!"

ಅಣ್ಣ ತಂಗಿಯ ಕೈ ಹಿಡಿದೆಳೆದ. ಆಕೆ ಕೊಸರಿಕೊಂಡರು. "ನಾ ಬರಲ್ಲ ಕಣಣ್ಣ. ನಾವಿಬ್ರೂ ದೊಡ್ಡಾಸ್ಪತ್ರೆಗೆ ಹೋಗ್ತೀವಿ."

ಇದರಲ್ಲಿ ನಾನು ಕಟ್ಟಿಕೊಂಡದ್ದೆಷ್ಟೋ ಎಂಬ ಅನುಮಾನ ಬಿಡಲಿಲ್ಲ. ಹೋದ ವರ್ಷ ಆಕೆಯನ್ನೇ ಹುಡುಕಿಕೊಂಡು ಹೋಗಿ ಕೇಳಿದೆ. ಎಲ್ಲ ನಿಜವೆಂದು, ದೊಡ್ಡಾಸ್ಪತ್ರೆಯ ಮನೋವೈದ್ಯರ ಹಳೆಯ ಚೀಟಿಯನ್ನು ತೆಗೆದು ತೋರಿಸಿದರು. ರೋಗಿಯ ಹೆಸರಿನ ಜಾಗದಲ್ಲಿ, ಗಂಡನ ಹೆಸರಿನ ಪಕ್ಕ, ಆಕೆ ಹಟ ಮಾಡಿ ಬರೆಸಿದ್ದ ಆಕೆಯದೇ ಹೆಸರೂ ಇತ್ತು.