ಉಗುಳಬಾರದ ಕಷಾಯ

ಮೊನ್ನೆ ಊಟಕ್ಕೆ ಕೂತಾಗ ಮೊಮ್ಮಗಳು ಒಂದು ಸುದ್ದಿ ಹೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಕ್ಯಾನ್ಸರಿನ ಚಿಕಿತ್ಸೆಯಿಂದ ಬಾಯಿ ಹುಣ್ಣಾದವರಿಗೆ ಜಪಾನಿನಲ್ಲಿ ಒಂದು ಹಳೆಯ ಕಷಾಯ ಕೊಡುತ್ತಾರಂತೆ. ಜ್ಯೇಷ್ಠಮಧು, ಒಣಶುಂಠಿ, ಬೋರೆ ಜಾತಿಯ ಒಂದು ಹಣ್ಣು, ಇನ್ನೂ ಏನೇನೋ ಬೇರು. ಅದನ್ನು ತಣ್ಣಗಾಗಿಸಿ ಬಾಯಲ್ಲಿ ಹಿಡಿದಿಟ್ಟುಕೊಳ್ಳಬೇಕಂತೆ. "ಹಿಡಿದಿಡೋದ ಮುಖ್ಯ ನೋಡು ಅಜ್ಜೀ" ಎಂದಳು. ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಡಿದಿಡಿಸದೆ ಐದು ದಿನ ಹಾಳು ಮಾಡಿದವಳು ನಾನು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲದ ಮಾತು. ಔರಾದಿನಿಂದ ಭಾಲ್ಕಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮ ಅತ್ತೆಯ ಬಾಯಿ ಇಡೀ ಓಣಿಗೆ ಗೊತ್ತು. "ಬಾಯಿದ್ದಾಕಿ ಬರಗಾಲದಾಗೂ ಬದುಕ್ತಾಳ" ಎಂದು ತಾವೇ ಹೆಮ್ಮೆಪಡುತ್ತಿದ್ದರು. ಆ ಬಾಯಿಯ ಎಡಗಲ್ಲದಲ್ಲಿ, ದಿನವಿಡೀ ತಂಬಾಕು ಒತ್ತಿಡುತ್ತಿದ್ದ ಜಾಗದಲ್ಲೇ, ಗಂಟು ಎದ್ದಿತು. ಹೈದರಾಬಾದಿನಲ್ಲಿ ತೋರಿಸಿದಾಗ ಕ್ಯಾನ್ಸರ್ ಎಂದರು. ಕರೆಂಟು ಕೊಟ್ಟರು, ಕಿರಣದ ಚಿಕಿತ್ಸೆಗೆ ನಮ್ಮ ಕಡೆ ಇಂದಿಗೂ ಅದೇ ಹೆಸರು. ಅರ್ಧ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಊರಿಗೆ ಕಳಿಸಿದರು. ಇಪ್ಪತ್ತು ದಿನ ಬಿಟ್ಟು ಬರಬೇಕು, ಅಷ್ಟರಲ್ಲಿ ಹೊಟ್ಟೆಗೆ ಅನ್ನ ಹೋಗಿ ಮೈಯಲ್ಲಿ ಕಸುವಿದ್ದರೆ ಮಾತ್ರ ಉಳಿದರ್ಧ ಕೊಡುವುದು, ಇಲ್ಲದಿದ್ದರೆ ಜೀವ ತಡೆಯುವುದಿಲ್ಲ ಎಂದರು.

ಹೋಗುವಾಗ ಹೈದರಾಬಾದ್ ನಮ್ಮ ರಾಜಧಾನಿ. ತಿರುಗಿ ಬಂದು ಕಾಲು ತೊಳೆಯುವಷ್ಟರಲ್ಲಿ ಅದು ಬೇರೆ ರಾಜ್ಯವಾಗಿತ್ತು. ನನ್ನ ಗಂಡ ಉರ್ದುವಿನಲ್ಲಿ ಓದಿ ಮಾಸ್ತರಾದವರು. ಈಗ ಕೂತು ಕನ್ನಡದಲ್ಲಿ ಅರ್ಜಿ ಬರೆಯುವುದನ್ನು ಕಲಿಯುತ್ತಿದ್ದರು. "ಈಗ ನಾವು ಹೊರಗಿನವ್ರು. ಎವ್ವ ಉಣ್ಣಲಿಲ್ಲಂದ್ರ ಅಷ್ಟ ನೆಪ ಸಾಕು, ಬಾಗಿಲದಾಗಿಂದ ಹೊಳ್ಳಿ ಕಳಿಸ್ತಾರ" ಎಂದು ಅವರಿಗೆ ಒಳಗೊಳಗೇ ದಿಗಿಲು.

ಅತ್ತೆ ಉಣ್ಣುವುದಾದರೂ ಹೇಗೆ? ಬಾಯೊಳಗೆಲ್ಲ ಸುಲಿದು ಕೆಂಪಾಗಿತ್ತು. ಗುಟುಕು ನೀರಿಗೂ ಕಣ್ಣಲ್ಲಿ ನೀರು. ಮಾತು ನಿಂತೇಹೋಯಿತು. ನಿಜ ಹೇಳುತ್ತೇನೆ, ಮೊದಲೆರಡು ದಿನ ಆ ಮೌನ ನನಗೆ ಹಾಯೆನಿಸಿತು. ಮೂರನೆಯ ದಿನ ಅವರ ಬಳೆ ಮೊಣಕೈವರೆಗೆ ಜಾರಿದ್ದನ್ನು ಕಂಡು ಹೆದರಿದೆ.

ಬೀದರಿನ ಚೌಬಾರ ಗೋಪುರದ ಹತ್ತಿರ ಒಬ್ಬ ಹಕೀಮರಿದ್ದರು. ಗಂಡನ ಜೊತೆ ಹೋದೆ. ಅವರು ಎಲ್ಲ ಕೇಳಿ, ಜ್ಯೇಷ್ಠಮಧು, ಒಣಶುಂಠಿ, ಬೋರೆಯಂಥ ಒಣಗಿದ ಉನ್ನಾಬ್ ಹಣ್ಣು ಸೇರಿಸಿ ಪೊಟ್ಟಣ ಕಟ್ಟಿದರು. "ಗಂಟಿನ ಇಲಾಜು ದವಾಖಾನಿದು, ಬೇಟಿ. ಅದನ್ನ ಬಿಡಬ್ಯಾಡ್ರಿ. ನನ್ನ ದವಾ ಬಾಯಿ ಉರಿಗಿ ಅಷ್ಟ. ಕುದಿಸಿ ತಣ್ಣಗ ಮಾಡು. ಬಾಯಾಗ ಭಾಳ ಹೊತ್ತು ಹಿಡೀಲಿ, ಆಮ್ಯಾಲ ಉಗುಳಲಿ" ಎಂದರು.

ಇಲ್ಲೇ ನಾನು ಎಡವಿದ್ದು. ಅತ್ತೆ ಅಂಗೈಯಲ್ಲಿರುವ ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗಿಡುವವರಲ್ಲ. ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಬಿಡುವಂತಿಲ್ಲ, ತಾಟು ತೊಳೆದ ನೀರನ್ನೂ ಕುಡಿಯುವ ಮನೆ ನಮ್ಮದು. ಪೂಜೆಗೆ ಕೂತವರ ಮುಂದೆ ನಾನು ಕಷಾಯದ ಲೋಟ ಇಟ್ಟೆ. ಅವರು ಲಿಂಗಕ್ಕೆ ಅರ್ಪಿಸಿ, ಕಣ್ಣು ಮುಚ್ಚಿ ಒಂದೇ ಏಟಿಗೆ ನುಂಗಿದರು. ಲೋಟಕ್ಕೆ ನೀರು ಹಾಕಿ ಅದನ್ನೂ ಕುಡಿದರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ ನಿಂತೆ. ಪ್ರಸಾದ ಉಗುಳಿರಿ ಎಂದು ಆ ಅತ್ತೆಗೆ ಹೇಳುವ ಧೈರ್ಯ ನನಗೆಲ್ಲಿ ಬರಬೇಕು? ಹೀಗೇ ಐದು ದಿನ. ಹುಣ್ಣು ಇದ್ದಲ್ಲೇ ಇತ್ತು.

ಪೊಟ್ಟಣ ತೀರಿದಾಗ ಮತ್ತೆ ಬೀದರಿಗೆ ಹೋಗಿ, ಅಳುತ್ತ ಹಕೀಮರ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ಅವರು, "ತಪ್ಪು ನಂದು. ನಿಮ್ಮ ಮನಿ ರಿವಾಜು ಕೇಳದ ಹೇಳಿದೆ. ನಿಮ್ಮ ಅತ್ತಿ ಮಂತ್ರ ಎಷ್ಟು ಸಲ ಅಂತಾರ?" ಎಂದು ಕೇಳಿದರು.

"ನೂರಾ ಎಂಟು ಸಲರಿ."

"ಹಂಗಾದ್ರ ಉಗುಳೋದು ಬ್ಯಾಡ. ಒಂದು ಗುಟುಕು ಬಾಯಾಗ ಇಟ್ಕೊಂಡು ಮನಸಿನಾಗ ನೂರಾ ಎಂಟು ಅನ್ಲಿ. ಮುಗದ ಮ್ಯಾಲ ನುಂಗಲಿ. ಇದು ನುಂಗೋ ದವಾನ ಅದ."

ಐದು ಹೊತ್ತು ನಮಾಜು ಮಾಡುವವರು ನಮ್ಮ ಮಂತ್ರವನ್ನು ಅಳತೆಯಾಗಿ ಹೇಳಿದ್ದರು. ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳಲು ಅವರು ಬಿಡಲಿಲ್ಲ.

ಮರುದಿನ ಪೂಜೆಯ ಹೊತ್ತಿಗೆ ಅತ್ತೆಯ ಎದುರು ಕೂತು, ಹಕೀಮರ ಮಾತನ್ನು ಇದ್ದಂತೆ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಗುಟುಕು ತುಂಬಿಕೊಂಡು ಕಣ್ಣು ಮುಚ್ಚಿದರು. ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತ ಸರಿಯುತ್ತಿತ್ತು. ನಾನು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ದಿನಕ್ಕೆ ಮೂರು ಹೊತ್ತು ಹೀಗೆ. ನಾಲ್ಕನೆಯ ದಿನ ಜೋಳದ ಅಂಬಲಿ ಇಳಿಯಿತು. ವಾರಕ್ಕೆ ಮಿದುವಾದ ಅನ್ನ ಹೋಯಿತು. ಔಷಧದ ಗುಣವೋ, ಮಂತ್ರದ್ದೋ, ದಿನ ಕಳೆದು ಹುಣ್ಣು ತಾನೇ ಮಾಗಿತೋ, ನಾನು ವಾದ ಮಾಡುವುದಿಲ್ಲ. ಇಪ್ಪತ್ತು ದಿನ ತುಂಬಿ ಹೋದಾಗ ಹೈದರಾಬಾದಿನಲ್ಲಿ ನಮ್ಮನ್ನು ಯಾವ ರಾಜ್ಯದವರೆಂದು ಯಾರೂ ಕೇಳಲಿಲ್ಲ. ಅತ್ತೆಯ ತೂಕ ನೋಡಿ ಉಳಿದರ್ಧ ಕರೆಂಟೂ ಕೊಟ್ಟರು. ಮತ್ತೆ ಹುಣ್ಣಾಯಿತು, ಮತ್ತೆ ಜಪವಾಯಿತು, ಮತ್ತೆ ಮಾಗಿತು.

ಬೇಸಿಗೆಯಲ್ಲಿ ಅತ್ತೆ ಹಕೀಮರನ್ನು ಊಟಕ್ಕೆ ಕರೆಸಿದರು. ನಮ್ಮ ಮನೆಯಲ್ಲಿ ಸಾಬರು ಬಂದರೆ ಕೊಡಲೆಂದು ಚಹಾದ ಕಪ್ಪೊಂದು ಬೇರೆಯೇ ಇರುತ್ತಿತ್ತು. ನಾನು ಬಾಳೆ ಎಲೆಗಾಗಿ ಹುಡುಕುತ್ತಿದ್ದಾಗ ಅತ್ತೆ ತಮ್ಮದೇ ಹಿತ್ತಾಳೆ ತಾಟು ಮುಂದಿಟ್ಟು, "ಇದರಾಗ ನೀಡು" ಎಂದರು. ಹೋಳಿಗೆ ಬಡಿಸಿದೆ. ಹಕೀಮರು ಕೈ ಹಚ್ಚಲಿಲ್ಲ.

"ಮೊದಲ ನೀವು ಉಣ್ರಿ, ಅಮ್ಮಾ. ನಾ ನೋಡಬೇಕು."

ಬಂದವರಿಗಿಂತ ಮೊದಲು ಮನೆಯವರು ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಅತ್ತೆ ಎದುರಿಗೇ ಕೂತು, ಹಾಲಿನಲ್ಲಿ ನೆನೆಸಿದ ಹೋಳಿಗೆಯ ತುತ್ತನ್ನು ಲಿಂಗಕ್ಕೆ ತೋರಿಸಿ ಬಾಯಿಗಿಟ್ಟರು. ಹಕೀಮರು ಅವರ ಗಂಟಲನ್ನೇ ನೋಡುತ್ತಿದ್ದರು. ತುತ್ತು ಇಳಿದದ್ದನ್ನು ಕಂಡ ಮೇಲೆ ಅವರು ತಮ್ಮ ತಾಟಿಗೆ ಕೈ ಹಾಕಿದರು.